ಮಲ್ ದ್ವೀಪದಲ್ಲಿ ಸ್ವಯಂಪಾಕ

ಪ್ರವಾಸಕ್ಕೆ ಹೊರಡುವವರು ಅಡಿಗೆಮನೆಯ ಚಿಂತೆಯನ್ನು ಹಿಂದೆ ಬಿಟ್ಟು ಹೊರಡಬೇಕೆಂಬುದು ಲೋಕದ ಮಾತು. ನಾವಾದರೋ ಈಚೆಗೆ ಒಂದು ಜೂನ್ ತಿಂಗಳಿನಲ್ಲಿ ಕುಕ್ಕರು, ಒಗ್ಗರಣೆಯ ಸೌಟು, ಅಕ್ಕಿ, ತೊಗರಿಬೇಳೆ, ಸಾರಿನ ಪುಡಿಯ ಡಬ್ಬಿ ಇಷ್ಟನ್ನೂ ಹೊತ್ತು, ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆಯ ಮಲ್ ಎಂಬ ದ್ವೀಪಕ್ಕೆ ಹೋಗಿ, ಅಲ್ಲಿ ಪರರ ಮನೆಯೊಂದರಲ್ಲಿ ಏಳು ದಿನ ಒಲೆ ಹೊತ್ತಿಸಿ ಬಂದೆವು.

ನಮ್ಮ ಹಿರಿಯರು ಕಾಶಿಗೋ ರಾಮೇಶ್ವರಕ್ಕೋ ಹೊರಟಾಗ ಛತ್ರದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುತ್ತಿದ್ದರಷ್ಟೆ. ಅದಕ್ಕೆ ಸ್ವಯಂಪಾಕವೆಂದು ಹೆಸರು. ಅದು ಮಡಿಯ ಮಾತು. ಆ ದೇಶದಲ್ಲಿ ಪಾತ್ರೆ ಪದಾರ್ಥ, ಹಾಸಿಗೆ ಹೊದಿಕೆಗಳೊಡನೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಮನೆಗಳಿಗೂ ಹೆಚ್ಚು ಕಡಿಮೆ ಅದೇ ಅರ್ಥದ ಹೆಸರುಂಟು. ಶನಿವಾರ ಅಪರಾಹ್ಣ ಬೀಗದ ಕೈ ತೆಗೆದುಕೊಳ್ಳುವುದು. ಮುಂದಿನ ಶನಿವಾರ ಬೆಳಿಗ್ಗೆ ಮನೆ ಗುಡಿಸಿ, ಪಾತ್ರೆ ತೊಳೆದಿಟ್ಟು ಅದನ್ನು ಹಿಂದಿರುಗಿಸುವುದು. ನಡುವಣ ಏಳು ರಾತ್ರಿ ಆ ಮನೆಯ ಯಜಮಾನರು ನಾವೇ. ಈ ಏಳು ದಿನದ ಯಜಮಾನಿಕೆ ನಮಗೆ ಕಲಿಸಿದ್ದು ಸ್ವಲ್ಪವಲ್ಲ. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ಗ್ಲಾಸ್ಗೋ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳೇ ಇದಕ್ಕೆಲ್ಲ ಸೂತ್ರಧಾರಿಣಿ. "ಹೋಟೆಲಿನಲ್ಲಿಟ್ಟರೆ ನೀವು ಬ್ರೆಡ್ಡು ತಿಂದು ಮೂರನೆಯ ದಿನಕ್ಕೆ ಮುಖ ಸಣ್ಣಗೆ ಮಾಡಿಕೊಳ್ಳುತ್ತೀರಿ" ಎಂದು ಅವಳು ಈ ಏರ್ಪಾಟು ಮಾಡಿದ್ದಳು. ಗ್ಲಾಸ್ಗೋದಿಂದ ಓಬನ್ ಎಂಬ ರೇವುಪಟ್ಟಣಕ್ಕೆ ಸುಮಾರು ನೂರು ಮೈಲಿ. ದಾರಿಯುದ್ದಕ್ಕೂ ಸರೋವರ, ಬೆಟ್ಟ, ಬೆಟ್ಟದ ಮೇಲೆ ಮೋಡ. ಓಬನ್ನಿನಲ್ಲಿ ಕಾರನ್ನು ಹಡಗಿನ ಹೊಟ್ಟೆಯೊಳಕ್ಕೆ ನಡೆಸಿ, ನಾವು ಮೇಲಿನ ಅಟ್ಟಕ್ಕೆ ಹೋಗಿ ನಿಂತೆವು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಡ್ಯುವಾರ್ಟ್ ಕೋಟೆ ಬಂಡೆಯ ತುದಿಯಲ್ಲಿ ಕಾಣಿಸಿಕೊಂಡಿತು. ಮಕ್ಲೀನ್ ಎಂಬ ಕುಲದವರ ಪ್ರಾಚೀನ ಕೋಟೆಯದು. ಹಾಳುಬಿದ್ದಿದ್ದನ್ನು ಆ ಕುಲದ ಹಿರಿಯರೊಬ್ಬರು ೧೯೧೧ರಲ್ಲಿ ಕೊಂಡು ಮತ್ತೆ ಕಟ್ಟಿಸಿದರಂತೆ. ಹಾಳುಮನೆಯನ್ನು ಮತ್ತೆ ಕಟ್ಟಿಸಿದವರ ಕಥೆ ಕೇಳಿದಾಗ ನಮ್ಮ ಮನಸ್ಸು ಸ್ವಲ್ಪ ಕಲಕಿತೆಂದು ಒಪ್ಪಿಕೊಳ್ಳಬೇಕು. ಅದಕ್ಕೆ ಕಾರಣವುಂಟು.

ತೀರ್ಥಹಳ್ಳಿಯ ಕಡೆ ನಮ್ಮದೊಂದು ಹಳೆಯ ಮನೆಯಿದೆ. ನಮ್ಮ ತಾಯಿಯವರು ತೀರಿಕೊಂಡ ಮೇಲೆ ಮೂರು ವರ್ಷದಿಂದ ಅದಕ್ಕೆ ಬೀಗ. ಅಣ್ಣತಮ್ಮಂದಿರು ಮೂವರೂ ಮೂರು ಊರಿನಲ್ಲಿ. ಆ ಮನೆಯನ್ನು ಹತ್ತು ವರ್ಷದ ಕರಾರಿಗೆ ತೆಗೆದುಕೊಂಡು, ಪ್ರವಾಸಿಗಳು ತಂಗುವ ಹೋಂಸ್ಟೇ ಮಾಡುವೆವೆಂದು ಒಬ್ಬರು ಮುಂದೆ ಬಂದಿದ್ದರು. ಕೊಡುವ ಹಣವೂ ಕಡಿಮೆಯದಲ್ಲ. ನಾವು ಹಡಗಿನ ಅಟ್ಟದ ಮೇಲೆ ಇದ್ದಾಗಲೇ ತಮ್ಮನಿಂದ ಫೋನಿಗೆ ಸಂದೇಶ ಬಂತು: ಕರಾರಿನ ಕಾಗದ ಸಿದ್ಧವಾಗಿದೆ, ಮುಂದಿನ ಭಾನುವಾರದೊಳಗೆ ಹೂಂ ಎನ್ನಬೇಕು. ನಾವು ಫೋನನ್ನು ಜೇಬಿಗೆ ಹಾಕಿಕೊಂಡು ಕೋಟೆಯನ್ನು ನೋಡುತ್ತ ನಿಂತೆವು. ನಮ್ಮಾಕೆ ಏನೂ ಕೇಳಲಿಲ್ಲ.

ಹಡಗು ಕ್ರೇಗ್‌ನ್ಯೂರ್ ಎಂಬಲ್ಲಿ ಇಳಿಸಿತು. ನಮ್ಮ ಬಾಡಿಗೆಯ ಮನೆ ದ್ವೀಪದ ಪಶ್ಚಿಮಕ್ಕೆ, ಲಾಖ್ ನ ಕೀಲ್ ಎಂಬ ಕಡಲ ಕವಲಿನ ಮೇಲಣ ಇಳಿಜಾರಿನಲ್ಲಿತ್ತು. ದಪ್ಪ ಕಲ್ಲುಗೋಡೆ, ಸಣ್ಣ ಕಿಟಕಿ, ತಗ್ಗಾದ ಬಾಗಿಲು. ಒಳಗೆ ಮಾತ್ರ ವಿದ್ಯುತ್ತಿನ ಒಲೆ, ಬಟ್ಟೆ ಒಗೆಯುವ ಯಂತ್ರ, ಸೌದೆ ಉರಿಸುವ ಕಬ್ಬಿಣದ ಅಗ್ಗಿಷ್ಟಿಕೆ. ನಮ್ಮಾಕೆ ಹೊಸ ಮನೆ ಹೊಕ್ಕರೆ ಮೊದಲು ನೋಡುವುದು ಅಡಿಗೆಮನೆಯ ಗೂಡನ್ನು. ಅಲ್ಲಿ ಹಿಂದಿನ ವಾರದವರು, ಅದರ ಹಿಂದಿನವರು, ಬಿಟ್ಟುಹೋದ ಪದಾರ್ಥಗಳು ಸಾಲಾಗಿದ್ದವು: ಅರ್ಧ ಪೊಟ್ಟಣ ಉಪ್ಪು, ಚಹಾದ ಡಬ್ಬಿ, ಮೆಣಸಿನ ಪುಡಿ, ಒಂದು ಬಾಟಲಿಯಲ್ಲಿ ನಾಲ್ಕು ಚಮಚ ಎಣ್ಣೆ. ಬಂದವರು ಬಳಸುವುದು, ಹೋಗುವಾಗ ಮಿಕ್ಕಿದ್ದನ್ನು ಬಿಡುವುದು, ಇದು ಇಂಥ ಮನೆಗಳ ಪದ್ಧತಿಯೆಂದು ಮಗಳು ಹೇಳಿದಳು. ಮುಖವನ್ನೇ ಕಾಣದವರು ನಮಗಾಗಿ ಉಪ್ಪಿಟ್ಟು ಹೋಗಿದ್ದರು. ಅವರ ಉಪ್ಪಿನ ಋಣ ಆ ರಾತ್ರಿಯಿಂದಲೇ ಮೊದಲಾಯಿತು.

ನಲ್ಲಿ ತಿರುಗಿಸಿದರೆ ತಿಳಿ ಚಹಾದ ಬಣ್ಣದ ನೀರು! ನಾವು ಗಾಬರಿಯಾದೆವು. ಗುಡ್ಡದ ಒರತೆಯಿಂದ ಬರುವ ನೀರು ಪೀಟ್ ಎಂಬ ಕಪ್ಪು ಜೌಗುಮಣ್ಣಿನ ಮೇಲೆ ಹರಿದು ಬರುವುದರಿಂದ ಆ ಬಣ್ಣ. ಶೋಧಿಸಿಯೇ ಬಿಡುವುದರಿಂದ ಕುಡಿಯಲು ಅಡ್ಡಿಯಿಲ್ಲವೆಂದು ಗೋಡೆಯ ಮೇಲೆ ಬರೆದು ಹಾಕಿತ್ತು. ಗೃಹಿಣಿಯರು ಗಮನಿಸತಕ್ಕ ಒಂದು ಅಂಶವೇನೆಂದರೆ, ಇಂಥ ನೀರಿನಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಅದು ಮೆದು ನೀರು. ಗಡಸು ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಕಾಳುಕಾಳಾಗಿಯೇ ನಿಲ್ಲುವ ಬೇಳೆ ಇದರಲ್ಲಿ ಬೇಗನೆ ಬೆಣ್ಣೆಯಂತೆ ಬೇಯುತ್ತದೆ. ನಮ್ಮಾಕೆ ಮುಚ್ಚಳ ತೆಗೆದು ನೋಡಿ, "ಈ ಊರಿನ ನೀರು ಒಳ್ಳೆಯದು" ಎಂದು ತೀರ್ಪು ಕೊಟ್ಟಳು. ನಮ್ಮ ಮನೆಯಲ್ಲಿ ಒಂದು ಊರಿಗೆ ಸಲ್ಲುವ ಮರ್ಯಾದೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಆದರೆ ಅದೇ ಸಾರಿಗೆ ಒಗ್ಗರಣೆ ಹಾಕುವಾಗ ಅನರ್ಥವಾಯಿತು. ಸಾಸಿವೆ ಸಿಡಿದು, ಒಣಮೆಣಸಿನಕಾಯಿಯ ಘಾಟು ಬಾಗಿಲು ದಾಟಿ ನಡುಮನೆಗೆ ಹೋದದ್ದೇ ತಡ, ಚಾವಣಿಯಲ್ಲಿದ್ದ ಬಿಳಿಯ ಬಿಲ್ಲೆಯೊಂದು ಕಿವಿ ಹರಿಯುವಂತೆ ಕೂಗಿಕೊಂಡಿತು. ಒಂದು ಕೂಗಿದೊಡನೆ ಉಳಿದವೂ ಕೂಗಿದವು. ಸ್ಕಾಟ್ಲೆಂಡಿನಲ್ಲಿ ೨೦೨೨ರಿಂದ ಪ್ರತಿಯೊಂದು ಮನೆಯಲ್ಲಿಯೂ ಹೊಗೆಯನ್ನು ಕಂಡು ಕೂಗುವ ಗಂಟೆಗಳಿರಬೇಕೆಂದೂ, ಅವು ಒಂದಕ್ಕೊಂದು ಜೋಡಿಸಿರಬೇಕೆಂದೂ ಕಾನೂನು ಇದೆ. ಆ ಕಾನೂನು ಮಾಡಿದವರಿಗೆ ಒಗ್ಗರಣೆಯ ವಿಷಯ ಯಾರೂ ಹೇಳಿರಲಾರರು. ನಾವು ಟವೆಲು ಬೀಸುತ್ತ, ಮಗಳು ಕುರ್ಚಿಯ ಮೇಲೆ ಹತ್ತಿ, ನಮ್ಮಾಕೆ ಕಿಟಕಿಗಳನ್ನೆಲ್ಲ ತೆರೆದು ಗದ್ದಲವಾಡುತ್ತಿರುವಾಗ ಬಾಗಿಲು ಬಡಿದ ಶಬ್ದ. ಕೆಳಗಿನ ಮನೆಯ ವೃದ್ಧೆಯೊಬ್ಬರು, ಎಂಬತ್ತರ ಸಮೀಪದವರು, ಕೈಯಲ್ಲಿ ಒಂದು ಬಕೆಟ್ಟು ನೀರು ಹಿಡಿದು ನಿಂತಿದ್ದರು!

ಬೆಂಕಿಯಿಲ್ಲವೆಂದು ತಿಳಿದ ಮೇಲೆ ಅವರು ಬಕೆಟ್ಟನ್ನು ಹೊಸ್ತಿಲಲ್ಲಿಟ್ಟು, ಮೂಗೆತ್ತಿ ಗಾಳಿಯನ್ನು ಒಮ್ಮೆ ಎಳೆದುಕೊಂಡು, "ಇದು ಏನೇ ಇರಲಿ, ಈ ಮನೆಯಲ್ಲಿ ಅಡಿಗೆಯ ವಾಸನೆ ಬಂದು ಬಹಳ ಕಾಲವಾಗಿತ್ತು" ಎಂದರು. ಬರುವವರಲ್ಲಿ ಹೆಚ್ಚು ಜನ ತಣ್ಣನೆಯ ಡಬ್ಬಿಗಳನ್ನು ಬಿಸಿಮಾಡಿ ತಿನ್ನುವವರಂತೆ. ಒಂದು ಬಟ್ಟಲು ಸಾರು ಕೊಟ್ಟೆವು. ಕಣ್ಣಿನಲ್ಲಿ ನೀರು ಬಂದರೂ ಬಿಡದೆ ಕುಡಿದರು. ಶುಕ್ರವಾರ ರಾತ್ರಿ ಊಟಕ್ಕೆ ಬರಬೇಕೆಂದು ನಮ್ಮಾಕೆ ಅಲ್ಲಿಯೇ ಕರೆದಳು.

ಮರುದಿನದಿಂದ ನಮಗೆ ಒಂದು ದಿನಚರಿ ಏರ್ಪಟ್ಟಿತು. ಬೆಳಿಗ್ಗೆ ಉಪ್ಪಿಟ್ಟೋ ದೋಸೆಯೋ ಮುಗಿಸಿ, ಮಧ್ಯಾಹ್ನಕ್ಕೆ ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಡುವುದು. ಸಂಜೆ ಬಂದು ಅನ್ನ ಸಾರು. ಸಂಜೆಯೆಂದರೂ ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಯ ಮೇಲೂ ಓದುವಷ್ಟು ಬೆಳಕು. ಸಾಮಾನಿಗೆ ಸೇಲನ್ ಎಂಬ ಹಳ್ಳಿಯ ಅಂಗಡಿ. ಅಲ್ಲಿ ಸಿಕ್ಕದ್ದಕ್ಕೆ ಟೋಬರ್ಮೋರಿ. ಈ ಟೋಬರ್ಮೋರಿ ದ್ವೀಪದ ಮುಖ್ಯ ಪಟ್ಟಣ. ಮೀನುಗಾರಿಕೆಯ ಅಭಿವೃದ್ಧಿಗೆಂದು ೧೭೮೮ರಲ್ಲಿ ಸ್ಥಾಪಿತವಾದದ್ದು. ಬಂದರಿನ ಸುತ್ತ ಕೆಂಪು, ಹಳದಿ, ನೀಲಿ ಬಣ್ಣದ ಮನೆಗಳ ಸಾಲು ಗೊಂಬೆಹಬ್ಬದ ಮೆಟ್ಟಿಲಿನಂತೆ ಕಾಣುತ್ತದೆ. ಮಾರ್ಗಗಳು ಬಹುಪಾಲು ಒಂದೇ ಗಾಡಿಯ ಅಗಲ. ಎದುರು ಗಾಡಿ ಬಂದರೆ, ಅಲ್ಲಲ್ಲಿ ಬಿಟ್ಟಿರುವ ತಂಗುದಾಣದಲ್ಲಿ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಡಬೇಕು. ದಾರಿ ಪಡೆದವರು ಕೈ ಎತ್ತಿ ವಂದಿಸಬೇಕು. ವಂದಿಸದೆ ಹೋದವರನ್ನು ನಾವು ಆ ವಾರದಲ್ಲಿ ಒಬ್ಬರನ್ನೂ ಕಾಣಲಿಲ್ಲ.

ದಾರಿಯ ಬದಿಯಲ್ಲಿ ಅಲ್ಲಲ್ಲಿ ಒಂದು ಪೆಟ್ಟಿಗೆ. ಒಳಗೆ ಕೋಳಿಮೊಟ್ಟೆ, ಮನೆಯಲ್ಲಿ ಮಾಡಿದ ಕೇಕು, ಹಣ್ಣಿನ ಮುರಬ್ಬ. ಮಾರುವವರು ಯಾರೂ ಇಲ್ಲ. ಬೆಲೆ ಬರೆದಿರುತ್ತದೆ, ಬೇಕಾದ್ದನ್ನು ತೆಗೆದುಕೊಂಡು ಹಣವನ್ನು ಡಬ್ಬಿಗೆ ಹಾಕಿ ಹೋಗುವುದು. ನಮ್ಮ ಹತ್ತಿರ ಒಮ್ಮೆ ಚಿಲ್ಲರೆಯಿರಲಿಲ್ಲ. ಮುರಬ್ಬವನ್ನು ತೆಗೆದುಕೊಂಡು, ಮರುದಿನ ಆರು ಮೈಲಿ ಹಿಂದಕ್ಕೆ ಹೋಗಿ ಹಣ ಹಾಕಿ ಬಂದೆವು. ಕಾವಲಿಲ್ಲದ ಪೆಟ್ಟಿಗೆಯ ಸಾಲ ಇಷ್ಟು ಬಾಧಿಸುವುದೆಂದು ಮೊದಲು ತಿಳಿದಿರಲಿಲ್ಲ.

ಮಳೆ ಪ್ರತಿದಿನವೂ ಬಂತು. ಮಲೆನಾಡಿನವರಿಗೆ ಅದು ಪರಿಚಿತರ ಭೇಟಿಯಿದ್ದಂತೆ. ಗಾಳಿ ನಿಂತ ಹೊತ್ತಿನಲ್ಲಿ ಮಾತ್ರ ಮಿಜ್ ಎಂಬ ಅತಿ ಸಣ್ಣ ನೊಣಗಳು ಮೋಡದಂತೆ ಮುತ್ತಿ ಕಚ್ಚುತ್ತವೆ. ಸ್ವಲ್ಪ ಗಾಳಿ ಎದ್ದರೆ ಅವಕ್ಕೆ ಹಾರಲಾಗದು. ಹಿಂದೆಂದೂ ನಾವು ಗಾಳಿಗಾಗಿ ಇಷ್ಟು ಪ್ರಾರ್ಥಿಸಿರಲಿಲ್ಲ. ಮನೆಯ ಮುಂದಿನ ಕಡಲ ಕವಲಿನ ಮೇಲೆ ಒಂದು ಬೆಳಿಗ್ಗೆ ಬಿಳಿ ಬಾಲದ ಕಡಲಹದ್ದನ್ನು ಕಂಡೆವು. ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ. ಬೇಟೆಗಾರರ ಗುಂಡಿನಿಂದ ಬ್ರಿಟನ್ನಿನಲ್ಲಿ ಪೂರ್ತಿಯಾಗಿ ನಾಶವಾಗಿದ್ದ ಈ ಪಕ್ಷಿಯನ್ನು ೧೯೭೫ರಿಂದ ನಾರ್ವೆ ದೇಶದಿಂದ ಮರಿಗಳನ್ನು ತಂದು ಸಮೀಪದ ರಮ್ ದ್ವೀಪದಲ್ಲಿ ಬಿಡುತ್ತ ಬಂದರು. ಹತ್ತು ವರ್ಷದ ತಾಳ್ಮೆಯ ಫಲವಾಗಿ ೧೯೮೫ರಲ್ಲಿ ಈ ಮಲ್ ದ್ವೀಪದ ಗೂಡಿನಿಂದ ಮೊದಲ ಮರಿ ಹಾರಿತು. ಹೋದದ್ದು ಹಿಂದಿರುಗಬಹುದು, ಆದರೆ ಯಾರಾದರೂ ಕೈಯಾರೆ ತಂದು ಬಿಡಬೇಕು.

ಒಂದು ದಿನ ದೋಣಿಯಲ್ಲಿ ಸ್ಟಾಫ ಎಂಬ ಕಿರುದ್ವೀಪಕ್ಕೆ ಹೋದೆವು. ಆರು ಮೂಲೆಯ ಕಲ್ಲುಕಂಬಗಳನ್ನು ಒತ್ತಾಗಿ ನಿಲ್ಲಿಸಿ ಕಟ್ಟಿದಂತಿರುವ ಫಿಂಗಲನ ಗವಿ ಅಲ್ಲಿದೆ. ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ೧೮೨೯ರಲ್ಲಿ ಇದನ್ನು ನೋಡಲು ಬಂದಿದ್ದನು. ಈ ದ್ವೀಪಗಳ ನೆನಪಿನಲ್ಲಿ ಅವನು ರಚಿಸಿದ ವಾದ್ಯಕೃತಿಗೆ ಈ ಗವಿಯ ಹೆಸರೂ ಉಂಟು. ಕರಗಿದ ಬಂಡೆ ಮೆಲ್ಲಗೆ ಆರುವಾಗ ಕುಗ್ಗಿ ಬಿರಿದು ಹೀಗೆ ಕಂಬಗಳಾಗುತ್ತದೆ. ಉಡುಪಿಯ ಬಳಿ ಮಲ್ಪೆಯಾಚೆಯ ಸೇಂಟ್ ಮೇರಿ ದ್ವೀಪವನ್ನು ಕಂಡವರಿಗೆ ಈ ಕಂಬಗಳು ಹೊಸವಲ್ಲ. ಅಲ್ಲಿಯದು ಮಡಗಾಸ್ಕರವು ನಮ್ಮ ನೆಲದಿಂದ ಬೇರೆಯಾದ ಕಾಲದ ಬೆಂಕಿ. ಇಲ್ಲಿಯದು ಉತ್ತರ ಅಟ್ಲಾಂಟಿಕ್ ಸಮುದ್ರ ಬಾಯಿಬಿಟ್ಟು ಎರಡು ಖಂಡಗಳು ಅಗಲಿದ ಕಾಲದ ಬೆಂಕಿ. ಇನ್ನೊಂದು ದಿನ ಐಯೋನ ದ್ವೀಪ. ಐರ್ಲೆಂಡಿನ ಯತಿ ಕೊಲಂಬನು ೫೬೩ರಲ್ಲಿ ಬಂದು ಮಠವನ್ನು ಸ್ಥಾಪಿಸಿದ ಸ್ಥಳವದು. ಮಠದ ಗೋಡೆಗೆ ಒರಗಿ ಕುಳಿತು ಮೊಸರನ್ನ ತಿಂದೆವು. ಒಂದು ಕುರಿ ಸಮೀಪಕ್ಕೆ ಬಂದು ಉಪ್ಪಿನಕಾಯಿಯ ವಾಸನೆ ನೋಡಿ ಹಿಂದಿರುಗಿತು.

ಈ ದ್ವೀಪಕ್ಕೂ ನಮ್ಮ ನಾಡಿಗೂ ಬೇರೊಂದು ಬಗೆಯ ಸಂಬಂಧವಿದೆಯೆಂಬುದು ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿಯೇ ಗೊತ್ತಾಯಿತು. ಗ್ರೂಲಿನ್ ಎಂಬಲ್ಲಿ ಮರಗಳ ನಡುವೆ ಕಲ್ಲಿನ ಸಮಾಧಿಮಂದಿರವೊಂದಿದೆ. ಆಸ್ಟ್ರೇಲಿಯದ ಪಿತಾಮಹನೆಂದು ಆ ಕಲ್ಲಿನ ಮೇಲೆ ವರ್ಣಿತನಾಗಿರುವ ಲಾಖ್ಲನ್ ಮಕ್ವಾರಿ ಅಲ್ಲಿ ಮಲಗಿದ್ದಾನೆ. ಎದುರಿನ ಅಲ್ವಾ ದ್ವೀಪದಲ್ಲಿ ೧೭೬೨ರಲ್ಲಿ ಹುಟ್ಟಿ, ೧೮೨೪ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವನು. ನ್ಯೂ ಸೌತ್ ವೇಲ್ಸಿನ ಗವರ್ನರಾಗುವುದಕ್ಕೆ ಮೊದಲು ಇವನು ಇಂಡಿಯಾದಲ್ಲಿ ಸೇನಾಧಿಕಾರಿ. ೧೭೯೨ರಲ್ಲಿಯೂ ೧೭೯೯ರಲ್ಲಿಯೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು. ಟೀಪೂ ಸುಲ್ತಾನನು ಮಡಿದ ಮೇಲೆ ಪಟ್ಟಣದ ಕೊಳ್ಳೆಯ ಹಣವನ್ನು ಸೈನ್ಯಕ್ಕೆ ಹಂಚಿದರಷ್ಟೆ. ಅದರಲ್ಲಿ ಇವನಿಗೂ ಪಾಲು ಬಂದಿತ್ತು. ಇಂಡಿಯಾದ ಸಂಪಾದನೆಯ ಕಾಲದಲ್ಲಿಯೇ ಅವನು ಮಲ್ ದ್ವೀಪದಲ್ಲಿ ಜಮೀನು ಮಾಡಿಕೊಳ್ಳುವ ಯೋಚನೆಗೆ ತೊಡಗಿ, ಮುಂದೆ ಕೊಂಡುಕೊಂಡು, ತೀರಿಹೋದ ಮೊದಲ ಹೆಂಡತಿ ಜೇನ್ ಜಾರ್ವಿಸಳ ನೆನಪಿಗೆ ಜಾರ್ವಿಸ್‌ಫೀಲ್ಡ್ ಎಂದು ಹೆಸರಿಟ್ಟನು. ಕಾವೇರಿಯ ದಂಡೆಯಿಂದ ಹೊರಟ ಹಣ ಈ ಜೌಗುನೆಲದವರೆಗೂ ಹರಿಯಿತೋ ಏನೋ!

ಮಗಳು ಇನ್ನೊಂದು ಸಂಗತಿಯನ್ನು ಓದಿ ಹೇಳಿದಳು. ೧೭೯೫ರಲ್ಲಿ ಮಕ್ವಾರಿ ಕೊಚ್ಚಿಯಲ್ಲಿ ಇಬ್ಬರು ಗುಲಾಮ ಬಾಲಕರನ್ನು ಕೊಂಡಿದ್ದನಂತೆ. ಆರೇಳು ವರ್ಷದ ಮಕ್ಕಳು. ಹೆಕ್ಟರ್, ಜಾರ್ಜ್ ಎಂದು ಅವರಿಗೆ ಹೊಸ ಹೆಸರು. ಹೆಕ್ಟರನು ಮುಂದೆ ಕಲ್ಕತ್ತೆಯಲ್ಲಿ ಕಾಣೆಯಾದನು. ಜಾರ್ಜ್ ಜಾರ್ವಿಸನು ಒಡೆಯನೊಡನೆ ಆಸ್ಟ್ರೇಲಿಯಕ್ಕೂ ಕೊನೆಗೆ ಈ ದ್ವೀಪಕ್ಕೂ ಬಂದನು. ನಮ್ಮಾಕೆ ಬಹಳ ಹೊತ್ತು ಸುಮ್ಮನಿದ್ದು, "ಆ ಮಗುವಿಗೆ ಇಲ್ಲಿ ಅನ್ನ ಯಾರು ಮಾಡಿ ಹಾಕಿದರೋ" ಎಂದಳು. ಸಮಾಧಿಯ ಕಲ್ಲಿನ ಮೇಲೆ ಅಷ್ಟೊಂದು ಬರೆದಿದೆ; ಈ ಪ್ರಶ್ನೆಗೆ ಉತ್ತರ ಮಾತ್ರ ಅಲ್ಲಿಲ್ಲ.

ಗುರುವಾರ ಆ ಅಲ್ವಾ ದ್ವೀಪಕ್ಕೇ ಹೋದೆವು. "ಅಲ್ವಾ ಚೆನ್ನಾಗಿದೆ, ಅಲ್ವಾ?" ಎಂದು ಮಗಳ ವಿನೋದ. ಮಲ್ ದ್ವೀಪದ ದಂಡೆಯಲ್ಲಿ ಒಂದು ಹಲಗೆಯಿದೆ. ಅದನ್ನು ಸರಿಸಿದರೆ ಕೆಳಗೆ ಕೆಂಪು ಬಣ್ಣ ಕಾಣುತ್ತದೆ. ಅದನ್ನು ಕಂಡು ಆಚೆಯ ದಂಡೆಯಿಂದ ಅಂಬಿಗರು ದೋಣಿ ತರುತ್ತಾರೆ. ದಾಟುವುದಕ್ಕೆ ಕೆಲವೇ ನಿಮಿಷ. ಅಲ್ಲಿ ಕಾರಿಲ್ಲ, ಡಾಂಬರು ರಸ್ತೆಯಿಲ್ಲ. ಕಾಡು, ಕಡಲು, ಮೌನ. ಇಂಥ ಮೌನವನ್ನು ಅನುಭವಿಸುವುದಕ್ಕೇ ಜನ ದೂರದೂರದಿಂದ ಬರುತ್ತಾರೆ. ನಾವೂ ಮೊದಲು ಅದನ್ನು ಹೊಗಳುತ್ತಲೇ ನಡೆದೆವು.

ಎರಡು ಮೈಲಿ ನಡೆದ ಮೇಲೆ ಮಾಡಿಲ್ಲದ ಗೋಡೆಗಳು ಒಂದೊಂದಾಗಿ ಕಾಣತೊಡಗಿದವು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಸಣ್ಣ ದ್ವೀಪದಲ್ಲಿ ಸುಮಾರು ೬೦೦ ಜನರಿದ್ದರು. ಕಡಲಪಾಚಿಯನ್ನು ಸುಟ್ಟು, ಸಾಬೂನಿಗೂ ಗಾಜಿಗೂ ಬೇಕಾದ ಕ್ಷಾರವನ್ನು ಮಾಡುವುದು ಅವರ ಮುಖ್ಯ ಕಸುಬು. ನೆಪೋಲಿಯನ್ನನ ಯುದ್ಧಗಳು ಮುಗಿದು ಹೊರನಾಡಿನ ಅಗ್ಗದ ಕ್ಷಾರ ಬರತೊಡಗಿದಾಗ ಆ ಕಸುಬು ಬಿತ್ತು. ೧೮೪೬ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಊಟಕ್ಕೂ ಸಂಚಕಾರ ಬಂತು. ೧೮೩೫ರಲ್ಲಿ ದ್ವೀಪವನ್ನು ಕೊಂಡಿದ್ದ ಎಫ್. ಡಬ್ಲ್ಯು. ಕ್ಲಾರ್ಕ್ ಎಂಬ ಜಮೀನ್ದಾರನು ಒಕ್ಕಲುಗಳನ್ನು ಎಬ್ಬಿಸಿ, ಕುರಿಗಳನ್ನು ತುಂಬಿದನು. ಇಡೀ ಮಲ್ ದ್ವೀಪದ ಕಥೆಯೂ ಹೀಗೆಯೇ. ೧೮೨೧ರ ಸುಮಾರಿನಲ್ಲಿ ಅಲ್ಲಿ ೧೦,೦೦೦ ಜನರಿದ್ದರು, ಈಗ ಸುಮಾರು ೩,೦೦೦. ನಾವು ಹೊಗಳುತ್ತ ಬಂದ ಮೌನ ಪ್ರಕೃತಿಯದಲ್ಲ. ಅದು ಮನುಷ್ಯರು ಮಾಡಿದ ಮೌನ.

ಗೋಡೆಗಳೊಳಗೆ ಸೊಂಟದೆತ್ತರ ತುರಿಕೆಯ ಗಿಡ ಬೆಳೆದಿತ್ತು. ಒಲೆಯ ಬೂದಿ, ಗೊಬ್ಬರ, ಎಂಜಲು ಬಿದ್ದು ಸಾರವೇರಿದ ನೆಲದಲ್ಲಿ ಅದು ಸೊಕ್ಕಿ ಬೆಳೆಯುತ್ತದೆ. ಜನ ಹೋಗಿ ನೂರೈವತ್ತು ವರ್ಷವಾದರೂ, ಮನೆಯಿದ್ದ ಜಾಗವನ್ನು ಆ ಗಿಡ ತೋರಿಸುತ್ತದೆ. ನಮ್ಮ ಕಡೆ ಹಾಳುಬಿದ್ದ ಮನೆಯನ್ನು ತುಳಸಿಕಟ್ಟೆಯಿಂದ ಗುರುತಿಸುತ್ತಾರಲ್ಲ, ಹಾಗೆ. ಒಂದು ಮನೆಯ ಗೋಡೆಯಲ್ಲಿ ಸಣ್ಣ ಗೂಡಿತ್ತು. ನಮ್ಮಾಕೆ ಒಳಗೆ ಕೈಯಿಟ್ಟು ನೋಡಿ, "ಉಪ್ಪಿನ ಗೂಡು ಇದ್ದಿರಬೇಕು" ಎಂದಳು. ಅಲ್ವಾದ ಕಥೆ ಅಲ್ಲಿಗೇ ಮುಗಿಯಲಿಲ್ಲವೆನ್ನುವುದು ಸಮಾಧಾನದ ಸಂಗತಿ. ೨೦೧೮ರಲ್ಲಿ ಸುತ್ತಲ ನಿವಾಸಿಗಳ ಸಂಘವೊಂದು, ಹೆಚ್ಚಿನ ಪಾಲು ಸರ್ಕಾರದ ಧನಸಹಾಯದಿಂದ, ಇಡೀ ದ್ವೀಪವನ್ನು ಕೊಂಡುಕೊಂಡಿತು. ಆಗ ಅಲ್ಲಿ ಉಳಿದಿದ್ದವರು ಕೈಬೆರಳಿನಲ್ಲಿ ಎಣಿಸುವಷ್ಟು ಮಂದಿ. ಮನೆಗಳನ್ನು ದುರಸ್ತಿ ಮಾಡಿಸಿ ವಾಸಕ್ಕೆ ಜನರನ್ನು ತರುವುದೇ ಆ ಸಂಘದ ಉದ್ದೇಶ.

ಶುಕ್ರವಾರ ರಾತ್ರಿ ನೆರೆಯ ವೃದ್ಧೆ ಊಟಕ್ಕೆ ಬಂದರು. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಒಗ್ಗರಣೆ ಹಾಕಿದೆವು, ಗಂಟೆಗಳು ಸುಮ್ಮನಿದ್ದವು. ಹಿಂದೆಲ್ಲ ಹೀಗೆ ಒಬ್ಬರ ಮನೆಗೆ ಒಬ್ಬರು ಹೋಗಿ ಅಗ್ಗಿಷ್ಟಿಕೆಯ ಮುಂದೆ ಕುಳಿತು ಮಾತು ಹಾಡುಗಳಲ್ಲಿ ರಾತ್ರಿ ಕಳೆಯುತ್ತಿದ್ದರೆಂದೂ, ಗೇಲಿಕ್ ಭಾಷೆಯಲ್ಲಿ ಅದಕ್ಕೆ ಕೇಲಿ ಎಂದು ಹೆಸರೆಂದೂ ಹೇಳಿದರು. ನಾವಿದ್ದ ಮನೆಯಲ್ಲಿ ಅವರ ಬಾಲ್ಯದಲ್ಲಿ ಒಂಬತ್ತು ಜನರ ಸಂಸಾರವಿತ್ತಂತೆ. ಕೊನೆಯವರು ತೀರಿಕೊಂಡ ಮೇಲೆ ಮಕ್ಕಳು ಮಾರಿದರು. ಕೊಂಡವರು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದಾರೆ. "ಹೊರಗೆ ಬೆಳಕಿದ್ದರೆ ನನಗೆ ಸಂತೋಷವೇ. ಆದರೆ ಚಳಿಗಾಲದಲ್ಲಿ ನವೆಂಬರಿನಿಂದ ಈ ಇಳಿಜಾರಿನಲ್ಲಿ ದೀಪ ಉರಿಯುವುದು ನನ್ನದೊಂದೇ" ಎಂದರು. ಅವರ ಮೊಮ್ಮಗನು ದ್ವೀಪದಲ್ಲಿಯೇ ಮರಗೆಲಸದಲ್ಲಿದ್ದಾನೆ. ಮದುವೆಯಾಗಿ ಎರಡು ವರ್ಷವಾದರೂ ಅವನಿಗೆ ವರ್ಷವಿಡೀ ಇರಲು ಬಾಡಿಗೆಮನೆ ಸಿಕ್ಕದೆ, ಒಂದು ಗಾಡಿಮನೆಯಲ್ಲಿ ಸಂಸಾರ ಹೂಡಿದ್ದಾನೆ. ವಾರದ ಲೆಕ್ಕದಲ್ಲಿ ಕೊಟ್ಟರೆ ಬರುವ ಹಣವನ್ನು ತಿಂಗಳ ಲೆಕ್ಕದಲ್ಲಿ ಯಾರು ಕೊಟ್ಟಾರು? ಇಂಥ ಮನೆಗಳಿಗೆಲ್ಲ ಪರವಾನಗಿ ಬೇಕೆಂದು ಸ್ಕಾಟ್ಲೆಂಡಿನಲ್ಲಿ ೨೦೨೨ರಲ್ಲಿ ನಿಯಮ ಬಂತು. ಆದರೆ ಪರವಾನಗಿಯಿಂದಲೇ ಮನೆ ತುಂಬುವುದಿಲ್ಲ.

ಅವರು ಇದನ್ನು ನಮ್ಮ ಮೇಲಿನ ದೂರಾಗಿ ಹೇಳಲಿಲ್ಲ. ನಮಗೆ ಮಾತ್ರ ತುತ್ತು ಸ್ವಲ್ಪ ನಿಧಾನವಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಊರಿನಲ್ಲಿ ನಿಮಗೆ ಮನೆಯಿದೆಯೆ?" ಎಂದು ಕೇಳಿದರು. ಇದೆ ಎಂದೆವು. "ಅದರಲ್ಲಿ ಯಾರಿದ್ದಾರೆ?" ಎಂದರು. ನಾವು ಉತ್ತರ ಹೇಳುವುದಕ್ಕೆ ತಡವರಿಸಿದೆವು. ಕೊನೆಗೆ ನಮ್ಮಾಕೆಯೇ, "ಸದ್ಯಕ್ಕೆ ಯಾರೂ ಇಲ್ಲ" ಎಂದಳು.

ಆ ರಾತ್ರಿ ಬೆಳಕು ಪೂರ್ತಿ ಆರುವವರೆಗೂ ಮಾತಾಡಿದೆವು. ನಮ್ಮ ಹಳ್ಳಿಯ ಶಾಲೆಯ ಉಪಾಧ್ಯಾಯಿನಿಯೊಬ್ಬರು ಒಂದು ವರ್ಷದ ಹಿಂದೆ ಆ ಮನೆಯನ್ನು ಬಾಡಿಗೆಗೆ ಕೇಳಿದ್ದರು. ಪಟ್ಟಣದಿಂದ ದಿನವೂ ಎರಡು ಬಸ್ಸು ಹಿಡಿದು, ಮಳೆಗಾಲದಲ್ಲಿ ಕೆಸರು ತುಳಿದು ಬರುವ ಹೆಣ್ಣುಮಗಳು. ಗಂಡ, ಅತ್ತೆ, ಇಬ್ಬರು ಮಕ್ಕಳ ಸಂಸಾರ. ಅವರು ಕೊಡಬಲ್ಲ ಬಾಡಿಗೆ ಹೆಂಚಿನ ದುರಸ್ತಿಗೂ ಸಾಲದೆಂದು ನಾವೇ ನಿರಾಕರಿಸಿದ್ದೆವು. ಹೋಂಸ್ಟೇ ಕೆಟ್ಟದ್ದೆಂದು ಹೇಳಲು ನಮಗೆ ಬಾಯಿಲ್ಲ. ಅಂಥ ಮನೆಯಲ್ಲಿ ಒಂದು ವಾರ ಸುಖವಾಗಿದ್ದು, ಅದರ ಸೌದೆಯಲ್ಲಿ ಕೈ ಕಾಯಿಸಿಕೊಂಡವರು ನಾವು. ಹಣ ಬೇಡವೆನ್ನುವಷ್ಟು ಸ್ಥಿತಿವಂತರೂ ನಾವಲ್ಲ. ಆದರೆ ಒಂದು ಊರಿನಲ್ಲಿ ಒಲೆ ಹೊತ್ತಿಸುವವರು ಕಾದು ನಿಂತಿರುವಾಗ, ಮನೆಯನ್ನು ವಿಹಾರಕ್ಕೆ ಬರುವವರಿಗೇ ಮೀಸಲಿಡುವುದು ಹೇಗೆ? ತಮ್ಮನಿಗೆ ಸಂದೇಶ ಕಳುಹಿಸಿದೆವು: ಕರಾರಿಗೆ ನಮ್ಮ ಒಪ್ಪಿಗೆಯಿಲ್ಲ, ಬಾಡಿಗೆಯ ನಷ್ಟದಲ್ಲಿ ಅವನ ಪಾಲನ್ನು ಎರಡು ವರ್ಷ ನಾವೇ ಭರಿಸುತ್ತೇವೆ. ಅಣ್ಣನು ಕೂಡಲೆ ಒಪ್ಪಿದನು. ತಮ್ಮನು ನಾಲ್ಕು ತಿಂಗಳು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಅದನ್ನೂ ಇಲ್ಲಿ ಮರೆಮಾಚಬಾರದು.

ಶನಿವಾರ ಬೆಳಿಗ್ಗೆ ಮನೆಯನ್ನು ಗುಡಿಸಿ, ಬೂದಿ ತೆಗೆದು, ಪಾತ್ರೆಗಳನ್ನು ತೊಳೆದು ಬೋರಲಿಟ್ಟೆವು. ನಮ್ಮಾಕೆ ಅಡಿಗೆಮನೆಯ ಗೂಡಿನಲ್ಲಿ ಸಾಸಿವೆಯ ಬಾಟಲಿಯನ್ನೂ ಮಿಕ್ಕ ಸಾರಿನ ಪುಡಿಯನ್ನೂ ಇಟ್ಟು, "ಕಿಟಕಿ ತೆರೆದು ಬಳಸಿರಿ" ಎಂದು ಮಗಳಿಂದ ಇಂಗ್ಲಿಷಿನಲ್ಲಿ ಬರೆಸಿ ಅಂಟಿಸಿದಳು. ವೃದ್ಧೆಯ ಬಕೆಟ್ಟನ್ನು ತುಂಬಿಸಿ ಅವರ ಹೊಸ್ತಿಲಿಗೆ ಮುಟ್ಟಿಸಿ ಬಂದೆವು. ಹಡಗಿನಿಂದ ನೋಡಿದಾಗ ದ್ವೀಪದ ಅತ್ಯುನ್ನತ ಶಿಖರವಾದ ಬೆನ್ ಮೋರ್, ೯೬೬ ಮೀಟರಿನದು, ಆ ವಾರದಲ್ಲಿ ಮೊದಲನೆಯ ಸಲ ಮೋಡವಿಲ್ಲದೆ ನಿಂತಿತ್ತು.

ಕಾರ್ತಿಕಮಾಸದಲ್ಲಿ ಊರಿಗೆ ಹೋಗಿದ್ದೆವು. ಅಂಗಳ ಸಾರಿಸಿತ್ತು, ತುಳಸಿಯ ಮುಂದೆ ಹಣತೆಯಿತ್ತು, ಹಿತ್ತಿಲ ಬಾಗಿಲಿನಿಂದ ಹೊಗೆ ಬರುತ್ತಿತ್ತು. ಉಪಾಧ್ಯಾಯಿನಿಯ ಅತ್ತೆ ನಮ್ಮನ್ನು ಅತಿಥಿಗಳಂತೆ ಮಣೆಯ ಮೇಲೆ ಕೂರಿಸಿ ಬಡಿಸಿದರು. ಉಪ್ಪು ನಮ್ಮ ತಾಯಿಯವರು ಇಡುತ್ತಿದ್ದ ಗೂಡಿನಿಂದಲೇ ಬಂತು. ಊಟವಾದ ಮೇಲೆ ನಾವು ಲೋಟಗಳನ್ನು ತೊಳೆಯಲು ಎದ್ದೆವು. ಆಕೆ ಬೇಡವೆಂದು ತಡೆದರು, ನಾವು ಕೇಳಲಿಲ್ಲ. ತೊಳೆದು ಬೋರಲಿಟ್ಟು ಹೊರಟೆವು.